ಬ್ರೆಸ್ಟ್ ಲಿಫ್ಟ್: ಏನು ಸಿಗುತ್ತದೆ, ಎಷ್ಟು ಕಾಲ ಉಳಿಯುತ್ತದೆ

ಜೋತುಬಿದ್ದ ಸ್ತನವನ್ನು ಎತ್ತಿ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಮ್ಯಾಸ್ಟೋಪೆಕ್ಸಿ ಎನ್ನುತ್ತಾರೆ, ಜನ ಬ್ರೆಸ್ಟ್ ಲಿಫ್ಟ್ ಎನ್ನುತ್ತಾರೆ. ಅದನ್ನು ಮಾಡಿಸಿಕೊಳ್ಳಬೇಕೆಂದು ಪ್ಲಾಸ್ಟಿಕ್ ಸರ್ಜನ್ ಎದುರು ಕೂರುವ ಹೆಂಗಸರ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಕಲೆ ಕಾಣುತ್ತದೆಯೇ? ಎಷ್ಟು ವರ್ಷ ಹೀಗೇ ನಿಲ್ಲುತ್ತದೆ? ಮುಂದೆ ಮಗುವಾದರೆ ಹಾಲೂಡಿಸಬಹುದೇ? ಮೊದಲನೆಯದಕ್ಕೆ ಉತ್ತರ ಸುಲಭ: ಕಾಣುತ್ತದೆ. ಉಳಿದೆರಡರ ಬಗ್ಗೆ, ಈ ಚಿಕಿತ್ಸೆ ಹುಟ್ಟಿ ಒಂದೂಕಾಲು ಶತಮಾನ ಕಳೆದರೂ, ವೈದ್ಯರು ಒಂದೇ ಮಾತಿಗೆ ಬಂದಿಲ್ಲ.

ಕನ್ನಡದಲ್ಲಿ ಈ ವಿಷಯ ಎರಡು ರೀತಿಯಲ್ಲಿ ಮಾತ್ರ ಕಿವಿಗೆ ಬೀಳುತ್ತದೆ. ಒಂದು ಕ್ಲಿನಿಕ್‌ಗಳ ಜಾಹೀರಾತು, ಇನ್ನೊಂದು ಹೆಂಗಸರ ನಡುವಿನ ಪಿಸುಮಾತು. ಜಾಹೀರಾತಿನಲ್ಲಿ ಎಲ್ಲವೂ ಸಲೀಸು, ಪಿಸುಮಾತಿನಲ್ಲಿ ಎಲ್ಲವೂ ಭಯ. ಇವೆರಡರ ನಡುವೆ ದೊಡ್ಡದೊಂದು ಚರ್ಚೆ ನಡೆದಿದೆ. ಅದರಲ್ಲಿ ಶರೀರಶಾಸ್ತ್ರ ಇದೆ, ಸರ್ಜನ್‌ಗಳ ಒಳಜಗಳ ಇದೆ, ಸ್ತ್ರೀವಾದಿಗಳ ತಕರಾರು ಇದೆ, ವಿಮೆ ಮತ್ತು ತೆರಿಗೆಯ ಲೆಕ್ಕವೂ ಇದೆ.

ಜೋಲುವುದು ಏಕೆ

ಸ್ತನದೊಳಗೆ ಸ್ನಾಯುವೇ ಇಲ್ಲ. ಇರುವುದು ಹಾಲಿನ ಗ್ರಂಥಿ, ಕೊಬ್ಬು, ಅವುಗಳ ನಡುವೆ ಹಾದು ಚರ್ಮಕ್ಕೂ ಎದೆಯ ಸ್ನಾಯುವಿನ ಹೊದಿಕೆಗೂ ಅಂಟಿಕೊಂಡ ತೆಳುವಾದ ನಾರಿನ ಪಟ್ಟಿಗಳು. ಇಂಗ್ಲೆಂಡಿನ ಸರ್ಜನ್ ಆಸ್ಟ್ಲಿ ಕೂಪರ್ 1840ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಇಂದಿಗೂ ಕೂಪರ್ ಲಿಗಮೆಂಟ್ ಎಂದೇ ಹೆಸರು. ಪಟ್ಟಿ ಸಡಿಲವಾಗಿ, ಚರ್ಮ ಹಿಗ್ಗಿ, ಒಳಗಿನ ತುಂಬು ಕಡಿಮೆಯಾದಾಗ ಎದೆ ಕೆಳಗಿಳಿಯುತ್ತದೆ. ವ್ಯಾಯಾಮ ಮಾಡಿದರೆ ಹಿಂದಿನ ಸ್ನಾಯು ಗಟ್ಟಿಯಾಗುತ್ತದೆಯೇ ಹೊರತು ಅದರ ಮುಂದೆ ತೂಗುವ ಸ್ತನ ಮೇಲೇರುವುದಿಲ್ಲ. ಮುಲಾಮು, ಎಣ್ಣೆ ಮಸಾಜುಗಳ ಮಾತಂತೂ ಬೇಡ.

ಹಾಲೂಡಿಸಿದರೆ ಎದೆಯ ಅಂದ ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಾಣಂತನದ ಕೋಣೆಯವರೆಗೂ ಬಂದಿದೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್ ಬ್ರಯನ್ ರಿಂಕರ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ತನದ ಶಸ್ತ್ರಚಿಕಿತ್ಸೆ ಬಯಸಿ ಬಂದವರಲ್ಲಿ ಒಮ್ಮೆಯಾದರೂ ಗರ್ಭ ಧರಿಸಿದ್ದ 93 ಮಹಿಳೆಯರನ್ನು ಮಾತಾಡಿಸಿ, ಫೋಟೋ ನೋಡಿ, ಯಾರ ಎದೆ ಏಕೆ ಜೋತಿದೆ ಎಂದು ಲೆಕ್ಕ ಹಾಕಿದಾಗ ಸಿಕ್ಕ ಕಾರಣಗಳು: ವಯಸ್ಸು, ಹೆಚ್ಚಿನ ದೇಹತೂಕ, ಗರ್ಭ ಧರಿಸಿದ ಸಲಗಳ ಸಂಖ್ಯೆ, ಮೊದಲೇ ದೊಡ್ಡದಿದ್ದ ಸ್ತನ ಮತ್ತು ಧೂಮಪಾನ. ಹಾಲೂಡಿಸಿದ್ದಕ್ಕೂ ಜೋತುಬಿದ್ದದ್ದಕ್ಕೂ ನಂಟು ಕಾಣಲಿಲ್ಲ. ಅಂದರೆ ಗರ್ಭಾವಸ್ಥೆಯಲ್ಲಿ ಸ್ತನ ಹಿಗ್ಗಿ ಕುಗ್ಗುವುದೇ ಕಾರಣ, ಮಗುವಿನ ಬಾಯಿ ಅಲ್ಲ. ಅಧ್ಯಯನ ಚಿಕ್ಕದು, ಅದರಲ್ಲಿದ್ದವರೆಲ್ಲ ಆಪರೇಷನ್ ಬಯಸಿದವರೇ, ಹಾಗಾಗಿ ಇದೇ ಕೊನೆಯ ಮಾತು ಎನ್ನಲಾಗದು. ಆದರೂ ಅಂದದ ಭಯಕ್ಕೆ ಕೂಸಿಗೆ ಹಾಲು ತಪ್ಪಿಸಲು ಆಧಾರವಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಬ್ರಾ ಬಗೆಗಿನ ವಾದ ಇನ್ನೂ ತಮಾಷೆಯದು. ಫ್ರಾನ್ಸಿನ ಬೆಸಾನ್ಸಾನ್‌ನ ಪ್ರಾಧ್ಯಾಪಕ ಝಾನ್-ದೆನಿ ರುಯೋನ್ ಎಂಬವರು ಸುಮಾರು 330 ಯುವತಿಯರನ್ನು ವರ್ಷಗಟ್ಟಲೆ ಅಳೆದು, ಬ್ರಾ ತೊಡದವರ ಎದೆಯೇ ಚೆನ್ನಾಗಿ ನಿಂತಿದೆ ಎಂದು 2013ರಲ್ಲಿ ಹೇಳಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಮುಖಪುಟಕ್ಕೇರಿಸಿದವು. ಇದು ಪ್ರಾಥಮಿಕ ಫಲಿತಾಂಶ, ಎಲ್ಲ ವಯಸ್ಸಿನವರಿಗೂ ಹಚ್ಚಬೇಡಿ ಎಂದು ಅವರೇ ಎಚ್ಚರಿಸಿದ್ದನ್ನು ಬರೆದವರು ಕಡಿಮೆ. ಬ್ರಾ ತೊಟ್ಟಿರುವಷ್ಟು ಹೊತ್ತು ಎದೆಯನ್ನು ಹಿಡಿದಿಡುತ್ತದೆ. ಅದರಿಂದ ಮುಂದೆ ಜೋಲುವುದು ತಪ್ಪುತ್ತದೆ ಎಂಬುದಕ್ಕಾಗಲಿ, ಹೆಚ್ಚುತ್ತದೆ ಎಂಬುದಕ್ಕಾಗಲಿ ಗಟ್ಟಿ ಪುರಾವೆ ಇಲ್ಲ.

ಎಷ್ಟು ಜೋತಿದೆ ಎಂದು ಅಳೆಯಲು ಸರ್ಜನ್‌ಗಳು ಇಂದಿಗೂ ಬಳಸುವುದು ಕೆನಡಾದ ಮಾಂಟ್ರಿಯಲ್‌ನ ವೈದ್ಯೆ ಪೌಲ್ ರೆಯ್ನೋ 1976ರಲ್ಲಿ ಕೊಟ್ಟ ವರ್ಗೀಕರಣವನ್ನು. ಸ್ತನ ಎದೆಗೂಡಿಗೆ ಸೇರುವ ಕೆಳಗಿನ ಮಡಿಕೆಯ ಮಟ್ಟದಲ್ಲೇ ತೊಟ್ಟು ಇದ್ದರೆ ಮೊದಲ ದರ್ಜೆ. ಮಡಿಕೆಗಿಂತ ಕೆಳಗಿದ್ದೂ ಸ್ತನದ ತುದಿಗಿಂತ ಮೇಲಿದ್ದರೆ ಎರಡನೆಯದು. ಸ್ತನದ ತೀರಾ ಕೆಳತುದಿಗೆ ಬಂದು ನೆಲ ನೋಡುತ್ತಿದ್ದರೆ ಮೂರನೆಯದು. ತೊಟ್ಟು ತನ್ನ ಜಾಗದಲ್ಲೇ ಇದ್ದು ಕೆಳಗಿನ ಭಾಗ ಮಾತ್ರ ಇಳಿದಿದ್ದರೆ ಅದನ್ನು ಹುಸಿ ಜೋಲು ಎಂದು ಬೇರೆಯಾಗಿ ಎಣಿಸುತ್ತಾರೆ. ಯಾವ ದರ್ಜೆ ಎಂಬುದರ ಮೇಲೆಯೇ ಕಲೆ ಎಷ್ಟು ಉದ್ದ ಬರುತ್ತದೆ ಎಂಬುದು ನಿಂತಿದೆ. ಕ್ಲಿನಿಕ್‌ಗೆ ಹೋದಾಗ ತನ್ನದು ಯಾವ ದರ್ಜೆ ಎಂದು ಮೊದಲು ಕೇಳಿ ತಿಳಿದುಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಕತ್ತರಿ ಹಿಡಿದವರ ಕಥೆ

1897ರಲ್ಲಿ ಫ್ರಾನ್ಸಿನ ಸರ್ಜನ್ ಪೂಸೋನ್ ಸ್ತನದ ಮೇಲ್ಭಾಗದಿಂದ ಅರ್ಧಚಂದ್ರಾಕಾರದ ಚರ್ಮ ಮತ್ತು ಕೊಬ್ಬು ತೆಗೆದು, ಉಳಿದದ್ದನ್ನು ಎದೆಯ ಸ್ನಾಯುವಿನ ಹೊದಿಕೆಗೆ ಹೊಲಿದು ಮೇಲೆತ್ತಿದ. ಈ ಶಸ್ತ್ರಚಿಕಿತ್ಸೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ಎದೆ ಮೇಲಕ್ಕೇನೋ ಬಂತು. ಆದರೆ ಕಲೆ ರವಿಕೆಯ ಕತ್ತಿನಿಂದ ಇಣುಕುವ ಜಾಗದಲ್ಲೇ ಉಳಿಯಿತು, ತೊಟ್ಟಿನ ಜಾಗ ಬದಲಿಸುವ ಉಪಾಯವೂ ಇರಲಿಲ್ಲ.

ಮುಂದಿನ ಮೂವತ್ತು ವರ್ಷ ಸರ್ಜನ್‌ಗಳನ್ನು ಕಾಡಿದ್ದು ಅಂದವಲ್ಲ, ರಕ್ತ. ತೊಟ್ಟನ್ನು ಮೇಲಕ್ಕೆ ಸರಿಸುವಾಗ ಅದಕ್ಕೆ ರಕ್ತ ತರುವ ನಾಳಗಳು ತುಂಡಾದರೆ ತೊಟ್ಟು ಕಪ್ಪಾಗಿ ಸತ್ತುಹೋಗುತ್ತದೆ. 1920ರ ದಶಕದಲ್ಲಿ ವಿಯೆನ್ನಾದ ಬೀಸೆನ್‌ಬರ್ಗರ್ ಚರ್ಮವನ್ನು ಗ್ರಂಥಿಯಿಂದ ಪೂರ್ತಿ ಬಿಡಿಸಿ, ಗ್ರಂಥಿಯನ್ನು ಬೇರೆಯಾಗಿ ರೂಪಿಸಿ, ಮತ್ತೆ ಚರ್ಮ ಹೊದಿಸುವ ವಿಧಾನ ತಂದ. ಆಕಾರ ಚೆನ್ನಾಗಿ ಬರುತ್ತಿತ್ತು, ಆದರೆ ಚರ್ಮ ಸಾಯುವ ಪ್ರಕರಣಗಳು ಕಾಡಿದವು. 1930ರಲ್ಲಿ ಶ್ವಾರ್ಟ್ಸ್‌ಮನ್ ತೊಟ್ಟಿನ ಸುತ್ತ ಮೇಲ್ಪದರ ಮಾತ್ರ ಸುಲಿದು ಒಳಚರ್ಮವನ್ನು ಹಾಗೇ ಬಿಟ್ಟರೆ ಅದರ ಮೂಲಕವೇ ರಕ್ತ ಹರಿಯುತ್ತದೆ ಎಂದು ತೋರಿಸಿದ. ಇಂದು ನಡೆಯುವ ಬಹುಪಾಲು ಬ್ರೆಸ್ಟ್ ಲಿಫ್ಟ್‌ಗಳು ಈ ತಿಳಿವಳಿಕೆಯ ಮೇಲೆ ನಿಂತಿವೆ.

ಆಮೇಲೆ ಬಂದದ್ದು 1956ರ ವೈಸ್ ಪ್ಯಾಟರ್ನ್. ಅಮೆರಿಕದ ಸರ್ಜನ್ ರಾಬರ್ಟ್ ವೈಸ್ ಬ್ರಾ ಹೊಲಿಯುವವರು ಬಟ್ಟೆ ಕತ್ತರಿಸುವ ಮಾದರಿಯನ್ನೇ ನೋಡಿ, ಚರ್ಮದ ಮೇಲೆ ಇಡುವ ಅಳತೆಯ ಅಚ್ಚು ಮಾಡಿಕೊಂಡ. ಚಪ್ಪಟೆ ಬಟ್ಟೆಯಿಂದ ಗುಂಡನೆಯ ಕಪ್ ಮಾಡಲು ದರ್ಜಿಗಳಿಗೆ ಗೊತ್ತಿದ್ದ ವಿದ್ಯೆ ಹೀಗೆ ಆಪರೇಷನ್ ಥಿಯೇಟರಿಗೆ ಬಂತು. ತೊಟ್ಟಿನ ಸುತ್ತ ಒಂದು ವೃತ್ತ, ಅದರಿಂದ ಕೆಳಗೆ ಒಂದು ನೇರ ಗೆರೆ, ಮಡಿಕೆಯುದ್ದಕ್ಕೂ ಒಂದು ಅಡ್ಡಗೆರೆ: ಲಂಗರಿನಂತೆ ಕಾಣುವ ಈ ಕಲೆ ಅರ್ಧ ಶತಮಾನ ಕಾಲ ಬ್ರೆಸ್ಟ್ ಲಿಫ್ಟ್‌ನ ಗುರುತೇ ಆಗಿಬಿಟ್ಟಿತು.

ಹಿಡಿದಿಡುವುದು ಚರ್ಮವೋ ಗ್ರಂಥಿಯೋ

ಸರ್ಜನ್‌ಗಳ ನಡುವಿನ ನಿಜವಾದ ಜಗಳ ಇರುವುದು ಇಲ್ಲಿ. ಎತ್ತಿದ ಎದೆಯನ್ನು ಮೇಲೆ ಹಿಡಿದಿಡುವುದು ಯಾವುದು?

ವೈಸ್ ಪಂಥದ ಉತ್ತರ: ಚರ್ಮ. ಹೆಚ್ಚಾದ ಚರ್ಮ ತೆಗೆದು ಬಿಗಿಯಾಗಿ ಹೊಲಿದರೆ ಅದೇ ಒಳಗಿನದನ್ನು ಹೊರುತ್ತದೆ. ಈ ವಿಧಾನದ ದೊಡ್ಡ ಗುಣ ಅಂದಾಜು ತಪ್ಪದಿರುವುದು. ಎಷ್ಟೇ ಜೋತ ಎದೆಯನ್ನೂ ಇದರಿಂದ ಸರಿಪಡಿಸಬಹುದು, ಟೇಬಲ್ ಮೇಲೆ ಕಂಡ ಆಕಾರವೇ ಹೊರಗೂ ಕಾಣುತ್ತದೆ. ಬ್ಯಾರಿಯಾಟ್ರಿಕ್ ಚಿಕಿತ್ಸೆಯಿಂದ ಐವತ್ತು ಅರವತ್ತು ಕಿಲೋ ಇಳಿಸಿಕೊಂಡವರಿಗೆ ಈಗಲೂ ಇದೇ ಗತಿ. ದೋಷ ಎರಡು. ಕಲೆ ಉದ್ದ. ಮತ್ತು ಒಮ್ಮೆ ಹಿಗ್ಗಿದ ಚರ್ಮ ಮತ್ತೆ ಹಿಗ್ಗುತ್ತದೆ. ಕೆಲವು ವರ್ಷಗಳಲ್ಲಿ ಗ್ರಂಥಿ ಕೆಳಕ್ಕೆ ಜಾರಿ, ತೊಟ್ಟು ಮಾತ್ರ ಮೇಲಕ್ಕೆ ನೋಡುತ್ತಾ ಉಳಿಯುವ ವಿಚಿತ್ರ ಆಕಾರ ಬರಬಹುದು.

ಎರಡನೆಯ ಪಂಥ ಹೇಳುವುದು ಚರ್ಮವನ್ನು ನಂಬಬೇಡಿ, ಗ್ರಂಥಿಯನ್ನೇ ರೂಪಿಸಿ ಎಂದು. ಫ್ರಾನ್ಸಿನ ಕ್ಲೋಡ್ ಲಾಸ್ಯುಸ್ 1960ರ ದಶಕದಲ್ಲಿ ಶುರುಮಾಡಿದ ನೇರಗೆರೆಯ ವಿಧಾನವನ್ನು ಬ್ರಸೆಲ್ಸ್‌ನ ಮಡ್ಲೇನ್ ಲಜೂರ್ 1990ರ ದಶಕದಲ್ಲಿ ಜನಪ್ರಿಯಗೊಳಿಸಿದರು, ಕೆನಡಾದ ಎಲಿಜಬೆತ್ ಹಾಲ್-ಫಿಂಡ್ಲೆ 1999ರಲ್ಲಿ ಸರಳಗೊಳಿಸಿದರು. ಕೆಳಭಾಗದ ಗ್ರಂಥಿಯ ಎರಡು ಕಡೆಯ ಅಂಚುಗಳನ್ನು ಕಂಬಗಳಂತೆ ಹತ್ತಿರ ತಂದು ಹೊಲಿದರೆ ಎದೆ ಅಗಲ ಕಡಿಮೆಯಾಗಿ ಮುಂದಕ್ಕೆ ಬರುತ್ತದೆ. ಚರ್ಮಕ್ಕೆ ಹೊದಿಕೆಯ ಕೆಲಸ ಮಾತ್ರ. ಅಡ್ಡ ಕಲೆ ಇರುವುದಿಲ್ಲ, ಅಥವಾ ತೀರಾ ಚಿಕ್ಕದು. ಆದರೆ ಆಪರೇಷನ್ ಮುಗಿದ ದಿನ ಎದೆ ನೋಡಲು ಚೆನ್ನಾಗಿರುವುದಿಲ್ಲ. ಮೇಲ್ಭಾಗ ಉಬ್ಬಿ, ಕೆಳಗೆ ಚರ್ಮ ನೆರಿಗೆಗಟ್ಟಿ, ಮೂರ್ನಾಲ್ಕು ತಿಂಗಳ ನಂತರವೇ ಆಕಾರಕ್ಕೆ ಬರುತ್ತದೆ. ಈ ಮಾತನ್ನು ಮೊದಲೇ ಹೇಳದ ವೈದ್ಯರ ರೋಗಿಗಳು ಬ್ಯಾಂಡೇಜ್ ಬಿಚ್ಚಿದ ದಿನ ಕಂಗಾಲಾಗುತ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಗಂಡಸರೇ ತುಂಬಿದ್ದ ಈ ಕ್ಷೇತ್ರದಲ್ಲಿ ಅಳತೆ ಕೊಟ್ಟ ರೆಯ್ನೋ, ಕಲೆ ಚಿಕ್ಕದು ಮಾಡಿದ ಲಜೂರ್ ಮತ್ತು ಹಾಲ್-ಫಿಂಡ್ಲೆ ಮೂವರೂ ಹೆಂಗಸರು. ಇದು ಕಾಕತಾಳೀಯ ಎಂದು ನನಗನಿಸುವುದಿಲ್ಲ.

1990ರಲ್ಲಿ ಫ್ರಾನ್ಸಿನ ಲೂಯಿ ಬೆನೆಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲೇ ಚರ್ಮ ತೆಗೆದು, ಸಂಚಿಯ ಬಾಯಿಗೆ ದಾರ ಎಳೆದಂತೆ ಬಿಗಿಯುವ ವಿಧಾನ ಕೊಟ್ಟ. ಕಲೆ ವರ್ತುಲದ ಅಂಚಿನಲ್ಲೇ ಮರೆಯಾಗುತ್ತದೆ ಎಂಬ ಆಸೆಗೆ ಇದನ್ನು ಕೇಳಿ ಬರುವವರು ಹೆಚ್ಚು. ಇದು ಹೊಂದುವುದು ಮೊದಲ ದರ್ಜೆಯ ಜೋಲಿಗೆ ಮಾತ್ರ. ಹೆಚ್ಚು ಎತ್ತಲು ಹೋದರೆ ಎದೆ ಚಪ್ಪಟೆಯಾಗುತ್ತದೆ, ವರ್ತುಲ ಕಾಲಕ್ರಮೇಣ ಅಗಲವಾಗುತ್ತದೆ.

ಮೂರನೆಯ ಪಂಥಕ್ಕೆ ಚರ್ಮದ ಮೇಲೂ ನಂಬಿಕೆಯಿಲ್ಲ, ಗ್ರಂಥಿಯ ಮೇಲೂ ಇಲ್ಲ. ಹೊರಗಿನಿಂದ ಜಾಲರಿ ತಂದು ಒಳಗೇ ಬ್ರಾ ಕಟ್ಟಬೇಕು ಎನ್ನುವವರು ಇವರು. ಬ್ರೆಜಿಲ್‌ನ ಸಾಂಪಾಯೊ ಗೋಯೆಸ್ ದಶಕಗಳ ಹಿಂದೆಯೇ ಜಾಲರಿ ಬಳಸಿದ್ದರು. ಈಚೆಗೆ ಬಂದಿರುವುದು ಒಂದೂವರೆ ಎರಡು ವರ್ಷಗಳಲ್ಲಿ ದೇಹದಲ್ಲೇ ಕರಗಿ, ತನ್ನ ಜಾಗದಲ್ಲಿ ನಾರು ಬೆಳೆಯಬಿಡುವ ಜಾಲರಿ. ಜಾಹೀರಾತುಗಳಲ್ಲಿ ಇಂಟರ್ನಲ್ ಬ್ರಾ ಎಂದು ಕಾಣುವುದು ಇದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಇಂಥ ಜಾಲರಿಯ ಸುರಕ್ಷತೆ ಮತ್ತು ಪರಿಣಾಮ ಇನ್ನೂ ಸಾಬೀತಾಗಿಲ್ಲ ಎಂದು 2023ರಲ್ಲಿ ವೈದ್ಯರಿಗೆ ತಿಳಿಸಿತು. ಪ್ಯಾಕೇಜಿನ ಬೆಲೆ ಏರಿಸುವ ಈ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಓದುವುದು ಒಳ್ಳೆಯದು.

ಈ ಮೂರೂ ಪಂಥಗಳಿಗೆ ಮುಜುಗರ ತಂದದ್ದು ಅಮೆರಿಕದ ಸರ್ಜನ್ ಎರಿಕ್ ಸ್ವಾನ್ಸನ್ 2011ರಲ್ಲಿ ಪ್ರಕಟಿಸಿದ ಅಳತೆಗಳು. ಬ್ರೆಸ್ಟ್ ಲಿಫ್ಟ್ ಮತ್ತು ಸ್ತನ ಕಿರಿದುಗೊಳಿಸುವ ಚಿಕಿತ್ಸೆಗಳ ಬಗ್ಗೆ ಆಗಲೇ ಅಚ್ಚಾಗಿದ್ದ 82 ವರದಿಗಳ ಫೋಟೋಗಳನ್ನು ಒಂದೇ ಮಾನದಂಡದಲ್ಲಿ ಅಳೆದಾಗ, ಸ್ತನದ ಮೇಲ್ಭಾಗದ ತುಂಬು ಯಾವ ವಿಧಾನದಲ್ಲೂ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಒಳಗೆ ಸ್ನಾಯುವಿಗೆ ಹೊಲಿದಿದ್ದೂ, ಸ್ವಂತ ಗ್ರಂಥಿಯನ್ನೇ ಮಡಚಿ ಮೇಲೆ ತುರುಕಿದ್ದೂ ಉಪಯೋಗಕ್ಕೆ ಬಂದಿರಲಿಲ್ಲ. ತೊಟ್ಟು ಮೇಲೇರಿತ್ತು, ಕೆಳಗಿನ ಜೋಲು ಹೋಗಿತ್ತು, ಅಷ್ಟೇ. ರೋಗಿಗಳ ನಿರೀಕ್ಷೆ ಹೆಚ್ಚಾಗಿ ಎಡವುವುದು ಈ ಜಾಗದಲ್ಲೇ. ಬ್ರಾ ತೊಟ್ಟಾಗ ಕನ್ನಡಿಯಲ್ಲಿ ಕಾಣುವ ಮೇಲಿನ ತುಂಬು ಬ್ರಾ ಇಲ್ಲದೆಯೂ ಇರಲಿ ಎಂದು ಅವರು ಬಯಸುತ್ತಾರೆ. ಬ್ರೆಸ್ಟ್ ಲಿಫ್ಟ್ ಒಂದರಿಂದಲೇ ಅದು ಬರುವುದಿಲ್ಲ. ಬದಲಿಗೆ ಚರ್ಮ ಹೋದದ್ದರಿಂದ ಬ್ರಾ ಅಳತೆ ಸ್ವಲ್ಪ ಚಿಕ್ಕದಾದಂತೆ ಅನಿಸುವುದೇ ಹೆಚ್ಚು.

ಇಂಪ್ಲಾಂಟ್ ಜೊತೆಗೋ ಆಮೇಲೋ

ಮೇಲಿನ ತುಂಬು ಬೇಕೇ ಬೇಕೆಂದರೆ ಸಿಲಿಕೋನ್ ಇಂಪ್ಲಾಂಟ್ ಸೇರಿಸಬೇಕಾಗುತ್ತದೆ. 1960ರ ದಶಕದಿಂದಲೇ ಎರಡನ್ನೂ ಒಟ್ಟಿಗೆ ಮಾಡುವವರಿದ್ದಾರೆ. ಕಷ್ಟ ಏನೆಂದರೆ, ಒಂದು ಚಿಕಿತ್ಸೆ ಚರ್ಮವನ್ನು ಬಿಗಿ ಮಾಡುತ್ತದೆ, ಇನ್ನೊಂದು ಅದೇ ಚರ್ಮವನ್ನು ಒಳಗಿನಿಂದ ತಳ್ಳಿ ಹಿಗ್ಗಿಸುತ್ತದೆ. ಎರಡರಿಂದಲೂ ತೊಟ್ಟಿನ ರಕ್ತಸಂಚಾರಕ್ಕೆ ಪೆಟ್ಟು. ವಾಷಿಂಗ್ಟನ್‌ನ ಖ್ಯಾತ ಸರ್ಜನ್ ಸ್ಕಾಟ್ ಸ್ಪಿಯರ್ 2003ರಲ್ಲಿ ಸರ್ಜನ್‌ಗಳೇ ಎಚ್ಚರ ಎಂಬರ್ಥದ ತಲೆಬರಹ ಕೊಟ್ಟು ಈ ಜೋಡಿ ಚಿಕಿತ್ಸೆಯ ಬಗ್ಗೆ ಬರೆದರು.

ಒಂದೇ ಸಲಕ್ಕೆ ಮುಗಿಸಬಹುದು ಎನ್ನುವವರು 2014ರ ಸಮೀಕ್ಷೆಯೊಂದನ್ನು ಮುಂದಿಡುತ್ತಾರೆ. ಸುಮಾರು ಐದು ಸಾವಿರ ಪ್ರಕರಣಗಳ ಆ ಲೆಕ್ಕದಲ್ಲಿ ತೊಂದರೆ ಕಂಡದ್ದು ಸುಮಾರು 13% ಮಂದಿಗೆ, ಮತ್ತೆ ಆಪರೇಷನ್ ಬೇಕಾದದ್ದು ಸುಮಾರು 11% ಮಂದಿಗೆ. ಎರಡು ಹಂತದಲ್ಲಿ ಮಾಡಿದರೆ ಎಲ್ಲರಿಗೂ ಎರಡನೇ ಆಪರೇಷನ್ ಖಚಿತ, ಒಂದೇ ಹಂತದಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ ಎಂಬುದು ಅವರ ವಾದ. ಆ ಹತ್ತರಲ್ಲಿ ಒಬ್ಬಳು ತೊಟ್ಟು ಕಳೆದುಕೊಂಡವಳಾದರೆ ಎಂಬುದು ಎದುರು ಪಕ್ಷದ ಪ್ರಶ್ನೆ. ಎರಡೂ ಕಡೆಯವರು ಒಪ್ಪುವ ಮಾತೊಂದಿದೆ: ಇಂಪ್ಲಾಂಟ್ ದೊಡ್ಡದಾದಷ್ಟೂ ಎದೆ ಬೇಗ ಮತ್ತೆ ಇಳಿಯುತ್ತದೆ.

ಇಂಪ್ಲಾಂಟ್ ಜೀವನಪೂರ್ತಿ ಇರುವ ವಸ್ತುವಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಸಿಲಿಕೋನ್ ಜೆಲ್ ಇಂಪ್ಲಾಂಟ್‌ಗಳನ್ನು ಎಫ್‌ಡಿಎ 1992ರಲ್ಲಿ ತಡೆದು 2006ರಲ್ಲಿ ಮತ್ತೆ ಅನುಮತಿಸಿತು. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳಿಗೂ ಅಪರೂಪದ ಲಿಂಫೋಮಾ ಕ್ಯಾನ್ಸರಿಗೂ ಸಂಬಂಧ ಕಂಡದ್ದರಿಂದ 2019ರಲ್ಲಿ ಅವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಲಾಯಿತು.

ಆಪರೇಷನ್ ದಿನ, ಆಮೇಲಿನ ತಿಂಗಳು

ಗೆರೆ ಎಳೆಯುವುದು ಅರಿವಳಿಕೆ ಕೊಡುವ ಮೊದಲು, ನಿಲ್ಲಿಸಿ ಅಥವಾ ಕೂರಿಸಿ. ಮಲಗಿದರೆ ಸ್ತನ ಪಕ್ಕಕ್ಕೆ ಹರಡಿ ಲೆಕ್ಕ ತಪ್ಪುತ್ತದೆ. ಸರ್ಜನ್ ಮಾರ್ಕರ್ ಪೆನ್ ಹಿಡಿದು ಕತ್ತಿನ ಕೆಳಗಿನ ಗುಳಿಯಿಂದ ತೊಟ್ಟಿನವರೆಗೆ ಟೇಪಿನಲ್ಲಿ ಅಳೆಯುತ್ತಾರೆ. ಆಮೇಲೆ ಸ್ತನದ ಕೆಳಗೆ ಬೆರಳಿಟ್ಟು, ಮಡಿಕೆ ಎಲ್ಲಿದೆಯೋ ಅದೇ ಎತ್ತರವನ್ನು ಮುಂಭಾಗದ ಚರ್ಮದ ಮೇಲೆ ಗುರುತು ಹಾಕುತ್ತಾರೆ. ಹೊಸ ತೊಟ್ಟು ಸುಮಾರು ಅಲ್ಲಿಗೆ ಬರುತ್ತದೆ. ಈ ಹೊತ್ತಿನಲ್ಲಿ ಎರಡೂ ಕಡೆ ಒಂದೇ ಸಮ ಇಲ್ಲ ಎಂಬುದು ಬಹಳ ಮಂದಿಗೆ ಮೊದಲ ಸಲ ಗೊತ್ತಾಗುತ್ತದೆ. ಬಹುತೇಕ ಎಲ್ಲ ಹೆಂಗಸರಲ್ಲೂ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಆಪರೇಷನ್ ನಂತರವೂ ಉಳಿಯುತ್ತದೆ.

ಪೂರ್ತಿ ಅರಿವಳಿಕೆಯಲ್ಲಿ ಎರಡು ಮೂರು ಗಂಟೆಯ ಕೆಲಸ. ಚರ್ಮ ಕತ್ತರಿಸುವ ಮುನ್ನ ತಾತ್ಕಾಲಿಕವಾಗಿ ಪಿನ್ ಹೊಡೆದು, ಟೇಬಲ್ಲನ್ನೇ ಎತ್ತಿ ರೋಗಿಯನ್ನು ಕೂತ ಭಂಗಿಗೆ ತಂದು, ಕಾಲಬುಡದಲ್ಲಿ ನಿಂತು ನೋಡುತ್ತಾರೆ. ದರ್ಜಿಗಳು ಕಚ್ಚಾ ಹೊಲಿಗೆ ಹಾಕಿ ನೋಡುವ ಪದ್ಧತಿಯಿಂದಲೇ ಸರ್ಜನ್‌ಗಳು ಈ ಹಂತಕ್ಕೆ ಹೆಸರು ಪಡೆದಿದ್ದಾರೆ. ಹೆಚ್ಚಿನವರು ಅದೇ ದಿನ ಅಥವಾ ಮಾರನೆಯ ದಿನ ಮನೆಗೆ ಹೋಗುತ್ತಾರೆ.

ನೋವು ಅಂದುಕೊಂಡಷ್ಟು ಇರುವುದಿಲ್ಲ ಎನ್ನುವವರೇ ಹೆಚ್ಚು, ಏಕೆಂದರೆ ಸ್ನಾಯುವಿಗೆ ಕತ್ತರಿ ಬಿದ್ದಿರುವುದಿಲ್ಲ. ಇಂಪ್ಲಾಂಟ್ ಸ್ನಾಯುವಿನ ಅಡಿಯಲ್ಲಿಟ್ಟರೆ ಮಾತು ಬೇರೆ. ಕಷ್ಟವಾಗುವುದು ದಿನದ ಕೆಲಸಗಳು. ನಾಲ್ಕರಿಂದ ಆರು ವಾರ ಹಗಲೂ ರಾತ್ರಿ ಸರ್ಜಿಕಲ್ ಬ್ರಾ, ಅಂಗಾತ ಮಲಗುವುದು, ಕೈಯನ್ನು ತಲೆಗಿಂತ ಮೇಲೆತ್ತದಿರುವುದು. ತಂತಿಗೆ ಬಟ್ಟೆ ಹರವುವುದು, ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಅಟ್ಟದ ಡಬ್ಬಿ ಎಲ್ಲ ಬಂದ್. ಎರಡು ವರ್ಷದ ಮಗು ಕೈ ಚಾಚಿದರೂ ಎತ್ತಿಕೊಳ್ಳುವಂತಿಲ್ಲ. ಮನೆಯಲ್ಲಿ ಇನ್ನೊಂದು ಜೊತೆ ಕೈಗಳಿಲ್ಲದವರು ಈ ಆಪರೇಷನ್‌ನ ದಿನಾಂಕ ಗೊತ್ತು ಮಾಡಿಕೊಳ್ಳಬಾರದು.

ಗಾಯ ಮಾಗುವುದಕ್ಕೆ ತಂಬಾಕಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ತೊಟ್ಟು ಮತ್ತು ಚರ್ಮದ ಅಂಚು ಸಾಯುವಂತೆ ಮಾಡುತ್ತದೆ. ಹಿಂದೆ ಮುಂದೆ ಕನಿಷ್ಠ ನಾಲ್ಕು ವಾರ ಬಿಡಬೇಕೆಂದು ಸರ್ಜನ್‌ಗಳು ಹೇಳುವುದು ಸಿಗರೇಟನ್ನು ಮಾತ್ರ ಎಂದು ನಮ್ಮವರು ತಿಳಿಯುವುದುಂಟು. ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿಯಲ್ಲೂ ಅದೇ ನಿಕೋಟಿನ್ ಇದೆ. ಅದನ್ನು ವೈದ್ಯರಿಗೆ ಹೇಳಲು ನಾಚಿಕೆ ಬೇಡ.

ಲಂಗರು ಕಲೆಯಲ್ಲಿ ನೇರಗೆರೆ ಅಡ್ಡಗೆರೆಗೆ ಸೇರುವ ಮೂಲೆಯಲ್ಲಿ ಗಾಯ ಸ್ವಲ್ಪ ಬಾಯ್ಬಿಡುವುದು ಸಾಮಾನ್ಯ ತೊಂದರೆ, ಡ್ರೆಸ್ಸಿಂಗ್‌ನಿಂದ ಮಾಗುತ್ತದೆ. ರಕ್ತ ಹೆಪ್ಪುಗಟ್ಟುವುದು, ಸೋಂಕು, ಕೊಬ್ಬು ಗಂಟಾಗುವುದು ಅದಕ್ಕಿಂತ ಕಡಿಮೆ. ತೊಟ್ಟು ಸಾಯುವುದು ಅಪರೂಪ, ಆದರೆ ಒಪ್ಪಿಗೆ ಪತ್ರದಲ್ಲಿ ಅದು ಇದ್ದೇ ಇರುತ್ತದೆ. ಕಲೆ ಮೊದಲ ಕೆಲವು ತಿಂಗಳು ಕೆಂಪಾಗಿ, ಉಬ್ಬಿ, ಇನ್ನೂ ಕೆಟ್ಟದಾಗಿ ಕಾಣುತ್ತದೆ. ಬಿಳಿಚಿಕೊಂಡು ಚಪ್ಪಟೆಯಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಎದೆ ಕೆಲಾಯ್ಡ್ ಎಂಬ ಗಡ್ಡೆಗಲೆ ಬರುವ ಜಾಗ, ಕಪ್ಪು ಮೈಬಣ್ಣದವರಲ್ಲಿ ಅದರ ಸಂಭವ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲೋ ಸಿಸೇರಿಯನ್ ಹೊಲಿಗೆಯಲ್ಲೋ ಗಡ್ಡೆ ಕಟ್ಟಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ತೋರಿಸಬೇಕು.

ಹಾಲು, ಸ್ಪರ್ಶ, ಮ್ಯಾಮೋಗ್ರಾಮ್

ತೊಟ್ಟಿಗೆ ಸ್ಪರ್ಶ ತರುವುದು ಮುಖ್ಯವಾಗಿ ನಾಲ್ಕನೇ, ಐದನೇ ಪಕ್ಕೆಲುಬುಗಳ ನಡುವೆ ಹಾಯುವ ನರದ ಕವಲು. ಆಪರೇಷನ್ ನಂತರ ತೊಟ್ಟು ಮರಗಟ್ಟಿದಂತಿರುವುದು ಸಾಮಾನ್ಯ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ.

ಹಾಲಿನ ಪ್ರಶ್ನೆ ನಿಂತಿರುವುದು ತೊಟ್ಟಿನ ಕೆಳಗಿನ ಗ್ರಂಥಿ ಎಷ್ಟು ಉಳಿದಿದೆ ಎಂಬುದರ ಮೇಲೆ. ಸ್ತನ ಕಿರಿದುಗೊಳಿಸುವ ಚಿಕಿತ್ಸೆಗಳ ಬಗ್ಗೆ 2017ರಲ್ಲಿ ಬಂದ ಸಮೀಕ್ಷೆಯೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ತೊಟ್ಟಿನ ಅಡಿಯ ಗ್ರಂಥಿಯನ್ನು ಪೂರ್ತಿ ಉಳಿಸಿದ ವಿಧಾನಗಳಲ್ಲಿ ಹಾಲೂಡಿಸುವಲ್ಲಿ ಗೆದ್ದವರ ಪ್ರಮಾಣದ ಮಧ್ಯಾಂಕ 100%, ಅರ್ಧಂಬರ್ಧ ಉಳಿಸಿದಲ್ಲಿ 75%, ಏನೂ ಉಳಿಸದಿದ್ದಲ್ಲಿ 4%. ಬ್ರೆಸ್ಟ್ ಲಿಫ್ಟ್‌ನಲ್ಲಿ ಗ್ರಂಥಿ ತೆಗೆಯುವುದು ಕಡಿಮೆಯಾದ್ದರಿಂದ ಪರಿಸ್ಥಿತಿ ಇದಕ್ಕಿಂತ ಚೆನ್ನಾಗಿರಬೇಕು ಎಂಬುದು ಊಹೆ. ಮುಂದೆ ಮಕ್ಕಳು ಬೇಕೆನ್ನುವವರಿಗೆ ಕಾಯಿರಿ ಎಂದು ಸರ್ಜನ್‌ಗಳು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ: ಮುಂದಿನ ಗರ್ಭ ಎತ್ತಿದ್ದನ್ನೆಲ್ಲ ಮತ್ತೆ ಇಳಿಸುತ್ತದೆ. ಹಾಲು ಬಿಡಿಸಿದ ಮೇಲೂ ಮೂರರಿಂದ ಆರು ತಿಂಗಳು ಬಿಟ್ಟು ಬರುವುದು ರೂಢಿ.

ಒಳಗಿನ ಕಲೆ, ಸತ್ತ ಕೊಬ್ಬಿನ ಸುಣ್ಣದ ಕಣಗಳು ಮ್ಯಾಮೋಗ್ರಾಮ್‌ನಲ್ಲಿ ಕಾಣುತ್ತವೆ. ಅನುಭವಿ ರೇಡಿಯಾಲಜಿಸ್ಟ್ ಅವನ್ನು ಕ್ಯಾನ್ಸರಿನಿಂದ ಬೇರ್ಪಡಿಸಬಲ್ಲರು, ಆಪರೇಷನ್ ಆಗಿದೆ ಎಂದು ಹೇಳಿದ್ದರೆ. ನಲವತ್ತು ದಾಟಿದವರು ಆಪರೇಷನ್‌ಗೆ ಮುಂಚೆಯೇ ಒಂದು ಮ್ಯಾಮೋಗ್ರಾಮ್ ಮಾಡಿಸಿ ಫಿಲ್ಮ್ ಜೋಪಾನವಾಗಿ ಇಟ್ಟುಕೊಳ್ಳಬೇಕು. ಕ್ಯಾನ್ಸರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಮೇಲೆ ಹೇಳಿದ ವೈಸ್ ಪ್ಯಾಟರ್ನ್ ಇಂದು ಕ್ಯಾನ್ಸರ್ ಗಡ್ಡೆ ತೆಗೆಯುವಾಗಲೂ ಬಳಕೆಯಲ್ಲಿದೆ. ಗಡ್ಡೆ ಹೋದ ಜಾಗವನ್ನು ಅದರಿಂದಲೇ ಮುಚ್ಚಿ, ಇನ್ನೊಂದು ಕಡೆಯನ್ನು ಸರಿಸಮಕ್ಕೆ ಎತ್ತುತ್ತಾರೆ. ಅಂದದ ಶಸ್ತ್ರಚಿಕಿತ್ಸೆ ಬರೀ ಶೋಕಿ ಎನ್ನುವವರಿಗೆ ಇದು ತಿಳಿದಿರಲಿ.

ಯಾರ ಕಣ್ಣಿನ ಅಂದ?

ಸ್ತನ ಹೇಗಿರಬೇಕು ಎಂಬ ಅಳತೆ ಎಲ್ಲಿಂದ ಬಂತು? ಕತ್ತಿನ ಕೆಳಗಿನ ಗುಳಿಯಿಂದ ತೊಟ್ಟಿಗೆ ಸುಮಾರು 21 ಸೆಂ.ಮೀ. ಎಂಬ ಬಹುಕಾಲದ ಮಾನದಂಡದ ಮೂಲ ದಕ್ಷಿಣ ಆಫ್ರಿಕಾದ ಸರ್ಜನ್ ಜ್ಯಾಕ್ ಪೆನ್ 1955ರಲ್ಲಿ ಪರಿಪೂರ್ಣ ಎಂದು ತಾವೇ ಆರಿಸಿದ ಇಪ್ಪತ್ತು ಹೆಂಗಸರ ಎದೆ. 2012ರಲ್ಲಿ ಲಂಡನ್ನಿನ ಮಲೂಚಿ ಮತ್ತು ಬ್ರಾನ್‌ಫೋರ್ಡ್ ನೂರು ಟಾಪ್‌ಲೆಸ್ ರೂಪದರ್ಶಿಯರ ಫೋಟೋ ಅಳೆದು, ತೊಟ್ಟಿನ ಮೇಲೆ 45, ಕೆಳಗೆ 55 ಪಾಲು ಇರುವುದೇ ಚೆಂದ ಎಂದರು. ಹೆತ್ತು, ಸಾಕಿ, ನಲವತ್ತು ದಾಟಿದ ಹೆಂಗಸಿಗೆ ಈ ಮಾದರಿಗಳಿಂದ ತೆಗೆದ ಅಳತೆ ಹಚ್ಚುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಸರ್ಜನ್‌ಗಳು ತಮಗೆ ಸಾಕಷ್ಟು ಕೇಳಿಕೊಂಡಿಲ್ಲ.

ಸ್ತ್ರೀವಾದಿಗಳು ಕೇಳಿದ್ದಾರೆ. ಶೀಲಾ ಜೆಫ್ರೀಸ್ ಅವರಂಥವರಿಗೆ ಅಂದದ ಶಸ್ತ್ರಚಿಕಿತ್ಸೆಯೇ ಹೆಣ್ಣಿನ ದೇಹಕ್ಕೆ ಸಂಸ್ಕೃತಿಯ ಹೆಸರಿನಲ್ಲಿ ಮಾಡುವ ಹಾನಿ. ಆದರೆ ಸಮಾಜಶಾಸ್ತ್ರಜ್ಞೆ ಕ್ಯಾಥಿ ಡೇವಿಸ್, ಇಂಥ ಚಿಕಿತ್ಸೆಗೆ ಬಂದ ನೆದರ್ಲೆಂಡ್ಸ್‌ನ ಹೆಂಗಸರನ್ನೇ ಮಾತಾಡಿಸಿ, 1995ರಲ್ಲಿ ಬೇರೆ ಚಿತ್ರ ಕೊಟ್ಟರು. ಅವರು ಸುಂದರಿಯಾಗಬೇಕೆಂದಲ್ಲ, ಸಾಮಾನ್ಯಳಂತೆ ಕಾಣಬೇಕೆಂದು, ಯೋಚಿಸಿಯೇ ಬಂದವರು ಎಂಬುದು ಡೇವಿಸ್ ವಾದ. ಇದಕ್ಕೂ ಹಿಂದೆ, 1926ರಲ್ಲೇ, ಫ್ರಾನ್ಸಿನ ಸರ್ಜನ್ ಹಾಗೂ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಸುಝಾನ್ ನೋಯೆಲ್, ವಯಸ್ಸು ಕಂಡಿತೆಂದು ಕೆಲಸ ಕಳೆದುಕೊಳ್ಳುವ ಹೆಂಗಸರಿಗೆ ಅಂದದ ಶಸ್ತ್ರಚಿಕಿತ್ಸೆ ಹೊಟ್ಟೆಪಾಡಿನ ವಿಷಯ ಎಂದು ಪುಸ್ತಕವನ್ನೇ ಬರೆದಿದ್ದರು. ನನಗೆ ಡೇವಿಸ್ ಮಾತು ಹೆಚ್ಚು ಸರಿ ಅನಿಸುತ್ತದೆ, ಜೆಫ್ರೀಸ್ ಎತ್ತಿದ ಪ್ರಶ್ನೆ ಅದರಿಂದ ಮುಗಿಯುವುದಿಲ್ಲವಾದರೂ. 2009ರಲ್ಲಿ ಬಂದ ಬ್ರೆಸ್ಟ್-ಕ್ಯೂ ಎಂಬ ಪ್ರಶ್ನಾವಳಿ ಫಲಿತಾಂಶವನ್ನು ಟೇಪಿನ ಬದಲು ರೋಗಿಯ ಮಾತಿನಿಂದ ಅಳೆಯಲು ಶುರುಮಾಡಿತು. ಅದು ಒಳ್ಳೆಯ ಬೆಳವಣಿಗೆ.

ದುಡ್ಡಿನ ಪ್ರಶ್ನೆಗೆ ದೇಶಕ್ಕೊಂದು ಉತ್ತರ. ಬ್ರೆಜಿಲ್‌ನಲ್ಲಿ ಸರ್ಜನ್ ಇವೊ ಪಿಟಾಂಗಿ ರಿಯೋದ ಧರ್ಮಾಸ್ಪತ್ರೆಯಲ್ಲಿ ಬಡವರಿಗೂ ಅಂದದ ಶಸ್ತ್ರಚಿಕಿತ್ಸೆ ಸಿಗುವಂತೆ ಮಾಡಿದರು. 2018ರಲ್ಲಿ ತಮಿಳುನಾಡು ಸರ್ಕಾರ ಚೆನ್ನೈನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಸ್ತನದ ಶಸ್ತ್ರಚಿಕಿತ್ಸೆಯನ್ನು ಉಚಿತ ಮಾಡಿದಾಗ ಡೆಂಗಿ, ಕ್ಷಯದ ನಡುವೆ ಇದು ಬೇಕೇ ಎಂಬ ಕೂಗೆದ್ದಿತು. ನಮ್ಮಲ್ಲಿ ವಿಮಾ ಪಾಲಿಸಿಗಳು ಅಂದದ ಚಿಕಿತ್ಸೆಯನ್ನು ಹೊರಗಿಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆಗೆ ಮಾತ್ರ ರಿಯಾಯಿತಿ. ಇತರ ಚಿಕಿತ್ಸೆಗಳಿಗಿಲ್ಲದ ಜಿಎಸ್‌ಟಿ ಅಂದದ ಚಿಕಿತ್ಸೆಗೆ ಬೀಳುತ್ತದೆ.

ದುಡ್ಡಿನಾಚೆ ಸುರಕ್ಷತೆಯ ಪ್ರಶ್ನೆಯೂ ಇದೆ. 2022ರಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಚಿಕಿತ್ಸೆ ಬೇರೆ, ಪಾಠ ಒಂದೇ. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೇ, ಅರಿವಳಿಕೆ ತಜ್ಞರು ಕೊನೆಯವರೆಗೂ ಇರುತ್ತಾರೆಯೇ, ಐಸಿಯು ಇದೆಯೇ, ಕರ್ನಾಟಕದ ಖಾಸಗಿ ಆಸ್ಪತ್ರೆಗಳಿಗೆ ಬೇಕಾದ ಕೆಪಿಎಂಇ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಪಡಬಾರದು.

ಇನ್ನೂ ಇತ್ಯರ್ಥವಾಗದ್ದು

ಎತ್ತಿದ ಎದೆ ಹತ್ತು ವರ್ಷದ ನಂತರ ಎಲ್ಲಿರುತ್ತದೆ ಎಂಬುದಕ್ಕೆ, ಎಲ್ಲ ವಿಧಾನಗಳನ್ನೂ ಒಂದೇ ಅಳತೆಯಲ್ಲಿ ಹೋಲಿಸಿದ ಉತ್ತರವಿಲ್ಲ. ವಯಸ್ಸು, ತೂಕ, ಮುಟ್ಟು ನಿಲ್ಲುವುದು ಎಲ್ಲವೂ ಆಟಕ್ಕೆ ಬರುವುದರಿಂದ ಉತ್ತರ ಸುಲಭವೂ ಅಲ್ಲ. ಕರಗುವ ಜಾಲರಿ ಆ ಅವಧಿಯನ್ನು ಹೆಚ್ಚಿಸುತ್ತದೆಯೇ ಎಂಬುದು ತೀರ್ಮಾನವಾಗಿಲ್ಲ. ಇಂಪ್ಲಾಂಟ್ ಒಂದೇ ಸಲವೋ ಎರಡು ಸಲವೋ ಎಂಬ ವಾದ ಮುಂದುವರಿದಿದೆ. ಹಾಲಿನ ಬಗ್ಗೆ ಹೇಳುವ ಅಂಕಿಗಳು ಸ್ತನ ಕಿರಿದುಗೊಳಿಸುವ ಚಿಕಿತ್ಸೆಯಿಂದ ಎರವಲು ತಂದವು. ಪಠ್ಯಪುಸ್ತಕದ ಫೋಟೋಗಳು ಹೆಚ್ಚಾಗಿ ಅಮೆರಿಕ, ಯುರೋಪಿನವು. ನಮ್ಮ ಮೈಬಣ್ಣದ ಮೇಲೆ ಲಂಗರು ಕಲೆ ಎಷ್ಟು ಚೆನ್ನಾಗಿ ಮಾಗುತ್ತದೆ ಎಂದು ಅವುಗಳಿಂದ ತಿಳಿಯುವುದಿಲ್ಲ.

ಆದ್ದರಿಂದ ಕ್ಲಿನಿಕ್‌ಗೆ ಹೋದವರು ಕೇಳಬೇಕಾದದ್ದು ಆಪರೇಷನ್ ಆದ ಮೂರನೇ ತಿಂಗಳ ಫೋಟೋ ಅಲ್ಲ. ನಿಮ್ಮದೇ ದರ್ಜೆಯ ಜೋಲು, ನಿಮ್ಮದೇ ಮೈಬಣ್ಣ, ಕನಿಷ್ಠ ಒಂದು ವರ್ಷ ಕಳೆದ, ಬ್ರಾ ಇಲ್ಲದ, ಕಲೆ ಕಾಣುವ, ಮುಖ ಮರೆಸಿದ ಫೋಟೋ ಕೇಳಿ. ಅದನ್ನು ತೋರಿಸಲು ಹಿಂಜರಿಯುವ ಕಡೆ ಮುಂಗಡ ಕಟ್ಟಬೇಡಿ.